ಮೆಡೂಸಾ ಮಾಡಿದ ತಪ್ಪೇನು?

ಗ್ರೀಕ್ ಪುರಾಣಲೋಕದಲ್ಲಿ ವಿಕಾರರೂಪಿಗಳಿಗೆ ಕೊರತೆಯಿಲ್ಲ. ಒಕ್ಕಣ್ಣಿನ ಸೈಕ್ಲಾಪ್ಸ್, ಪಾತಾಳದ ಬಾಗಿಲು ಕಾಯುವ ನಾಯಿ ಸೆರ್ಬೆರಸ್, ಕಡಿದಷ್ಟೂ ತಲೆ ಚಿಗುರುವ ಹೈಡ್ರಾ, ನಾವಿಕರನ್ನು ಹಡಗಿನಿಂದಲೇ ಎತ್ತಿಕೊಳ್ಳುವ ಸ್ಕಿಲ್ಲಾ ಇವರೆಲ್ಲ ಯಾವನೋ ಒಬ್ಬ ವೀರನ ಸಾಹಸವನ್ನು ಅಳೆದು ತೋರಿಸುವ ಅಳತೆಗೋಲುಗಳಾಗಿಯೇ ಕಥೆಗಳಲ್ಲಿ ಬಂದುಹೋಗುತ್ತಾರೆ. ಮೊದಲ ನೋಟಕ್ಕೆ ಮೆಡೂಸಾ ಕೂಡ ಇದೇ ಸಾಲಿಗೆ ಸೇರಿದವಳು. ಹಾವಿನ ಕೂದಲು, ಹೊರಚಾಚಿದ ನಾಲಿಗೆ, ಕಂಡವರನ್ನು ಕಲ್ಲಾಗಿಸುವ ಕಣ್ಣು. ಅವಳ ತಲೆ ಕಡಿದು ತಂದವನು ಪರ್ಸಿಯಸ್. ಶಾಲಾ ಮಕ್ಕಳ ಕಥೆಪುಸ್ತಕಗಳಲ್ಲಿ ಕಥೆ ಇಷ್ಟಕ್ಕೇ ಮುಗಿಯುತ್ತದೆ. ಆದರೆ ಮೂಲ ಪಠ್ಯಗಳತ್ತ ಹೊರಳಿದಾಗ ಈ ಸಾಹಸಕಥನದ ಅಡಿಯಲ್ಲಿ ಇನ್ನೊಂದು ಕಥನ ಅಡಗಿರುವುದು ಕಾಣುತ್ತದೆ. ಹಲವು ವರ್ಷಗಳಿಂದ ನನ್ನನ್ನು ಕಾಡುತ್ತ ಬಂದಿರುವುದು ಆ ಎರಡನೆಯ ಕಥನ.

ಕ್ರಿ.ಪೂ. ಸುಮಾರು 700ರ ಕಾಲದ ಹೆಸಿಯಡ್ ಕವಿಯ ‘ಥಿಯೋಗೊನಿ’ ದೇವತೆಗಳ ವಂಶಾವಳಿಯನ್ನು ಹೇಳುವ ಕಾವ್ಯ. ಅದರಲ್ಲಿ ಫೋರ್ಕಿಸ್ ಮತ್ತು ಕೀಟೊ ಎಂಬ ಸಮುದ್ರದೇವತೆಗಳಿಗೆ ಹುಟ್ಟಿದ ಮೂವರು ಗಾರ್ಗನ್ ಸೋದರಿಯರ ಪ್ರಸ್ತಾಪವಿದೆ. ಸ್ಥೆನೊ ಮತ್ತು ಯೂರಿಯಾಲೆ ಸಾವಿಲ್ಲದವರು, ಮುಪ್ಪಿಲ್ಲದವರು. ಮೂರನೆಯವಳಾದ ಮೆಡೂಸಾ ಮಾತ್ರ ಮರ್ತ್ಯಳು. ಅಮರರಾದ ಸೋದರಿಯರ ನಡುವೆ ಒಬ್ಬಳಿಗೆ ಮಾತ್ರ ಸಾವು ಏಕೆ ಬಂತೆಂಬುದಕ್ಕೆ ಕವಿ ಕಾರಣ ಕೊಡುವುದಿಲ್ಲ. ಅವಳು ದಾರುಣವಾದ ಪಾಡು ಪಟ್ಟವಳೆಂಬುದನ್ನು ಮಾತ್ರ ಸೂಚಿಸಿ ಮುಂದುವರಿಯುತ್ತಾನೆ. ಕಡಲೊಡೆಯ ಪೊಸೈಡನ್ ಅವಳನ್ನು ವಸಂತದ ಹೂಗಳ ನಡುವೆ ಹುಲ್ಲುಗಾವಲಿನಲ್ಲಿ ಕೂಡಿದನು; ಮುಂದೆ ಪರ್ಸಿಯಸ್ ಅವಳ ತಲೆ ಕಡಿದಾಗ ಆ ಕೊರಳಿನಿಂದ ಕ್ರಿಸಾವೋರ್ ಎಂಬ ಮಗನೂ ಪೆಗಾಸಸ್ ಎಂಬ ಕುದುರೆಯೂ ಹೊರಬಂದವು. ಅಂದರೆ ಪರ್ಸಿಯಸ್ ಕೊಂದದ್ದು ಬಸುರಿ ಹೆಂಗಸನ್ನು. ವೀರಗಾಥೆಯ ಅಬ್ಬರದಲ್ಲಿ ಈ ಸಂಗತಿ ಯಾರ ಗಮನಕ್ಕೂ ಬಾರದಂತೆ ಸರಿದುಹೋಗುತ್ತದೆ. ‘ಮೆಡೂಸಾ’ ಎಂಬ ಪದಕ್ಕೆ ಗ್ರೀಕ್ ಭಾಷೆಯಲ್ಲಿ ಕಾಯುವವಳು, ಆಳುವವಳು ಎಂಬ ಅರ್ಥವಿರುವುದನ್ನೂ ಇಲ್ಲಿ ನೆನೆಯಬೇಕು.

ಹೆಸಿಯಡ್‌ನಿಗಿಂತ ಹಿಂದಕ್ಕೆ, ಹೋಮರ್‌ನ ಕಾವ್ಯಗಳಿಗೆ ಹೋದರೆ ಅಲ್ಲಿ ಮೆಡೂಸಾ ಎಂಬ ಹೆಸರೂ ಇಲ್ಲ; ಇರುವುದು ಗಾರ್ಗನ್ನಳ ತಲೆ ಮಾತ್ರ. ‘ಇಲಿಯಡ್’ನಲ್ಲಿ ಅದು ಅಥೀನಾಳ ರಕ್ಷಾಕವಚದ ಮೇಲೂ ಅಗಮೆಮ್ನಾನ್‌ನ ಗುರಾಣಿಯ ಮೇಲೂ ಇದೆ. ‘ಒಡಿಸ್ಸಿ’ಯಲ್ಲಿ ಪ್ರೇತಲೋಕದ ಅಂಚಿನಲ್ಲಿ ನಿಂತ ಒಡಿಸ್ಯೂಸ್, ಪರ್ಸೆಫೊನೆ ತನ್ನೆದುರಿಗೆ ಗಾರ್ಗನ್ನಳ ತಲೆಯನ್ನು ಕಳುಹಿಸಿಯಾಳೆಂದು ಹೆದರಿ ಹಡಗಿಗೆ ಮರಳುತ್ತಾನೆ. ಇದನ್ನು ಆಧರಿಸಿ ಜೇನ್ ಎಲೆನ್ ಹ್ಯಾರಿಸನ್ 1903ರ ತಮ್ಮ ಗ್ರಂಥದಲ್ಲಿ ಒಂದು ವಾದವನ್ನು ಮುಂದಿಟ್ಟರು: ಮೊದಲು ಇದ್ದದ್ದು ಕೆಟ್ಟದ್ದನ್ನು ಓಡಿಸುವ ಆಚರಣೆಯ ಮುಖವಾಡ, ಆ ಮುಖಕ್ಕೆ ಒಂದು ವಿವರಣೆ ಬೇಕಾದಾಗ ದೇಹ, ಆಮೇಲೆ ಕಥೆ ಹುಟ್ಟಿದವು. ಗ್ರೀಕರು ಈ ಮುಖವನ್ನು ಗುರಾಣಿ, ದೇಗುಲದ ಮಾಡು, ಕುಲುಮೆ, ಮದ್ಯದ ಬಟ್ಟಲಿನ ತಳ ಎಲ್ಲೆಂದರಲ್ಲಿ ಬರೆದಿದ್ದಾರೆ. ಅವರ ಚಿತ್ರಗಳಲ್ಲಿ ಮನುಷ್ಯರು ಸಾಮಾನ್ಯವಾಗಿ ಪಕ್ಕಕ್ಕೆ ಮುಖ ಮಾಡಿದ್ದರೆ ಗಾರ್ಗನ್ ನೇರವಾಗಿ ನೋಡುಗನನ್ನೇ ದಿಟ್ಟಿಸುತ್ತಾಳೆ. ಈ ಎದುರುನೋಟದಲ್ಲಿ ಮನುಷ್ಯ ಕಾಣುವುದು ತನ್ನ ಸಾವನ್ನೇ ಎಂದು ಜ್ಯಾಂ ಪಿಯೆರ್ ವೆರ್ನಾಂ 1985ರಲ್ಲಿ ವಿವರಿಸಿದರು. ನಮ್ಮ ದೇವಾಲಯಗಳ ಕೀರ್ತಿಮುಖವನ್ನು ಕಂಡವರಿಗೆ ಇಂಥ ಕಾವಲುಮುಖದ ಕಲ್ಪನೆ ಅಪರಿಚಿತವೇನಲ್ಲ. ಆದರೆ ಈ ವಿವರಣೆಗಳೆಲ್ಲ ಮುಖವಾಡವನ್ನು ಕುರಿತವು. ಮುಖವಾಡಕ್ಕೆ ಒಂದು ಹೆಣ್ಣಿನ ಬದುಕನ್ನು ಜೋಡಿಸಿದ ಮೇಲೆ ಆ ಬದುಕಿನ ಪ್ರಶ್ನೆಗಳು ಬೇರೆಯೇ ಆಗುತ್ತವೆ.

ಆ ಬದುಕನ್ನು ಇಂದು ನಮಗೆ ಪರಿಚಿತವಾಗಿರುವ ರೂಪಕ್ಕೆ ತಂದವನು ರೋಮಿನ ಓವಿಡ್. ಕ್ರಿ.ಶ. 8ರ ಹೊತ್ತಿಗೆ ಸಿದ್ಧವಾದ ಅವನ ‘ಮೆಟಮಾರ್ಫೊಸಿಸ್’ ಕಾವ್ಯದ ನಾಲ್ಕನೆಯ ಕಾಂಡದ ಕೊನೆಯಲ್ಲಿ ಪರ್ಸಿಯಸ್ ಮತ್ತು ಆಂಡ್ರೊಮಿಡಾರ ಮದುವೆಯ ಔತಣ ನಡೆಯುತ್ತಿರುತ್ತದೆ. ಸೋದರಿಯರ ಪೈಕಿ ಮೆಡೂಸಾಳ ಕೂದಲಲ್ಲಿ ಮಾತ್ರ ಹಾವುಗಳೇಕೆ ಎಂದು ಅತಿಥಿಯೊಬ್ಬ ಕುತೂಹಲದಿಂದ ಕೇಳುತ್ತಾನೆ. ಪರ್ಸಿಯಸ್ ಹೇಳುವ ಉತ್ತರ ಹೀಗಿದೆ: ಅವಳು ಒಂದು ಕಾಲಕ್ಕೆ ಹೆಸರಾಂತ ಚೆಲುವೆ, ಹಲವು ವರರ ಆಸೆ. ಅವಳಲ್ಲಿ ಎಲ್ಲಕ್ಕಿಂತ ಚೆಲುವಾದದ್ದು ಕೂದಲು. ಅದನ್ನು ಕಣ್ಣಾರೆ ಕಂಡವನೊಬ್ಬ ತನಗೆ ಸಿಕ್ಕಿದ್ದ. ಕಡಲ ದೇವರು ಅವಳನ್ನು ಮಿನರ್ವಾಳ, ಅಂದರೆ ಅಥೀನಾಳ, ಗುಡಿಯಲ್ಲೇ ಕೆಡಿಸಿದ. ದೇವತೆ ಮುಖ ತಿರುಗಿಸಿ ಕವಚದಿಂದ ಕಣ್ಣು ಮುಚ್ಚಿಕೊಂಡಳು. ಈ ಕೃತ್ಯಕ್ಕೆ ದಂಡನೆ ತಪ್ಪಬಾರದೆಂದು ಮೆಡೂಸಾಳ ಕೂದಲನ್ನು ಹಾವಾಗಿ ಮಾರ್ಪಡಿಸಿದಳು.

ಈ ನಿರೂಪಣೆಯಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಮೊದಲನೆಯದಾಗಿ, ಮೆಡೂಸಾಳ ಕಥೆ ಹೇಳುತ್ತಿರುವವನು ಅವಳನ್ನು ಕೊಂದವನೇ. ನಿದ್ದೆ ಹೋಗಿದ್ದವಳನ್ನು ಕಂಚಿನ ಗುರಾಣಿಯ ಪ್ರತಿಬಿಂಬದಲ್ಲಿ ನೋಡಿ ಕೊಂದೆನೆಂದು ಅದೇ ಔತಣದಲ್ಲಿ ಅವನು ಹೇಳಿ ಮುಗಿಸಿದ್ದಾನೆ. ಅವಳ ಮೊದಲಿನ ಚೆಲುವಿಗೆ ಅವನು ಕೊಡುವ ಸಾಕ್ಷಿ ಇನ್ನಾರೋ ಹೇಳಿದ ಮಾತು. ಅವಳ ಬಾಯಿಂದ ಒಂದು ಮಾತೂ ಕಾವ್ಯದಲ್ಲಿಲ್ಲ. ಎರಡನೆಯದಾಗಿ, ದಂಡನೆ ಬೇಕಾದ ಕೃತ್ಯ ಯಾರದೆಂದು ಓವಿಡ್‌ನ ವಾಕ್ಯ ಸ್ಪಷ್ಟವಾಗಿಯೇ ಹೇಳುತ್ತದೆ. ಕ್ರಿಯಾಪದದ ಕರ್ತೃ ಕಡಲ ದೇವರೇ. ಆದರೆ ದಂಡನೆ ಇಳಿಯುವುದು ಇನ್ನೊಬ್ಬರ ತಲೆಯ ಮೇಲೆ. ಈ ಬಿರುಕನ್ನು ಓವಿಡ್ ಮುಚ್ಚುವುದಿಲ್ಲ, ವಿವರಿಸುವುದೂ ಇಲ್ಲ. ಔತಣದ ಅತಿಥಿಗಳಲ್ಲಿ ಯಾರೂ ಅದನ್ನು ಪ್ರಶ್ನಿಸುವುದಿಲ್ಲ.

ಪರ್ಸಿಯಸ್ ಈ ಕೆಲಸಕ್ಕೆ ಹೊರಟದ್ದಾದರೂ ಏತಕ್ಕೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅವನ ತಾಯಿ ಡನಾಯೆಯನ್ನು ಅವಳ ತಂದೆಯೇ ಎಳೆಯ ಮಗುವಿನೊಂದಿಗೆ ಪೆಟ್ಟಿಗೆಯಲ್ಲಿಟ್ಟು ಕಡಲಿಗೆ ಬಿಟ್ಟಿದ್ದ. ಆ ಪೆಟ್ಟಿಗೆ ಸೆರಿಫೋಸ್ ದ್ವೀಪಕ್ಕೆ ಬಂದು ಸೇರಿತು. ಅಲ್ಲಿನ ದೊರೆ ಪಾಲಿಡೆಕ್ಟಿಸ್ ಡನಾಯೆಯ ಮೇಲೆ ಕಣ್ಣಿಟ್ಟು, ಬೆಳೆದು ನಿಂತ ಮಗ ಅಡ್ಡಿಯಾದಾಗ ಅವನನ್ನು ಗಾರ್ಗನ್ನಳ ತಲೆ ತರಲು ಅಟ್ಟಿದ. ಅಪೊಲೊಡೋರಸ್‌ನ ಹೆಸರಿನಲ್ಲಿ ಉಳಿದಿರುವ ಪುರಾಣಸಂಗ್ರಹದ ಪ್ರಕಾರ, ಪರ್ಸಿಯಸ್ ಮರಳಿ ಬಂದಾಗ ದೊರೆಯ ಬಲಾತ್ಕಾರಕ್ಕೆ ಅಂಜಿದ ಡನಾಯೆ ದೇವರ ಬಲಿಪೀಠವನ್ನು ಆಶ್ರಯಿಸಿದ್ದಳು. ಬಲಿಪೀಠ ಅವಳನ್ನು ಕಾಪಾಡಿತು. ಅಥೀನಾಳ ಗುಡಿ ಮೆಡೂಸಾಳನ್ನು ಕಾಪಾಡಲಿಲ್ಲ. ಒಬ್ಬ ಹೆಣ್ಣನ್ನು ಬಲವಂತದಿಂದ ಉಳಿಸಲೆಂದು ಬಲವಂತಕ್ಕೆ ಈಡಾದ ಇನ್ನೊಬ್ಬ ಹೆಣ್ಣಿನ ತಲೆ ಹೋಯಿತು. ಓವಿಡ್ ಮತ್ತು ಅಪೊಲೊಡೋರಸ್ ಬೇರೆ ಬೇರೆ ಪಠ್ಯಗಳೆಂಬುದು ನಿಜ. ಆದರೆ ಪುರಾಣವೆಂಬುದು ಪಠ್ಯಗಳ ಒಟ್ಟು ನೆನಪು. ಆ ನೆನಪಿನೊಳಗೆ ಡನಾಯೆ ಮತ್ತು ಮೆಡೂಸಾ ಒಬ್ಬರನ್ನೊಬ್ಬರು ಕಾಣದ ಅಕ್ಕತಂಗಿಯರಂತೆ ನನಗೆ ತೋರುತ್ತಾರೆ.

ಸ್ನಾತಕೋತ್ತರ ತರಗತಿಗಳಲ್ಲಿ ಪಾಶ್ಚಾತ್ಯ ಕಾವ್ಯಮೀಮಾಂಸೆಯನ್ನು ಪಾಠ ಮಾಡುವಾಗ ಅರಿಸ್ಟಾಟಲನ ರುದ್ರನಾಟಕದ ಪರಿಕಲ್ಪನೆಯ ಬಳಿ ನಾನು ಈ ಕಥೆಯನ್ನು ಹೇಳುವುದುಂಟು. ನಾಯಕನ ಪತನಕ್ಕೆ ಅವನದೇ ಒಂದು ‘ಹಮಾರ್ಷಿಯಾ’ ಅಥವಾ ಪ್ರಮಾದ ಕಾರಣವಾಗಿರಬೇಕೆಂಬ ಸೂತ್ರವನ್ನು ವಿದ್ಯಾರ್ಥಿಗಳು ಅದಾಗಲೇ ಕಲಿತಿರುತ್ತಾರೆ. ಮೆಡೂಸಾಳ ಪ್ರಮಾದ ಯಾವುದೆಂದು ಕೇಳಿದರೆ ಉತ್ತರಗಳು ತಡವಿಲ್ಲದೆ ಬರುತ್ತವೆ. ಅವಳಿಗೆ ರೂಪದ ಅಹಂಕಾರವಿತ್ತು. ಅವಳು ಗುಡಿಗೆ ಒಬ್ಬಳೇ ಹೋಗಬಾರದಿತ್ತು. ದೇವತೆಯ ಮೊರೆ ಹೋಗಬಹುದಿತ್ತು. ಒಂದು ವರ್ಷ ಕೊನೆಯ ಸಾಲಿನಲ್ಲಿ ಕುಳಿತಿದ್ದ, ಅಪರೂಪಕ್ಕೆ ಮಾತನಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: “ಕಥೆಯಲ್ಲಿ ಇಲ್ಲದ ತಪ್ಪನ್ನು ನಾವೆಲ್ಲ ಸೇರಿ ಅವಳಿಗೆ ಯಾಕೆ ಹುಡುಕಿಕೊಡ್ತಾ ಇದ್ದೇವೆ?” ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ದಿನಪತ್ರಿಕೆಯಲ್ಲಿ ಅಂಥದೊಂದು ಸುದ್ದಿ ಬಂದ ದಿನ ಚಹದಂಗಡಿಯಲ್ಲೂ ಬಸ್ಸಿನಲ್ಲೂ ಮೊದಲು ಏಳುವ ಪ್ರಶ್ನೆ, ಅವಳು ಆ ಹೊತ್ತಿನಲ್ಲಿ ಅಲ್ಲಿಗೇಕೆ ಹೋಗಿದ್ದಳು ಎಂಬುದೇ ತಾನೆ? ಆ ಪ್ರಶ್ನೆಗೂ ನಮ್ಮ ಸೂತ್ರಬದ್ಧ ಉತ್ತರಗಳಿಗೂ ಇರುವ ನಂಟನ್ನು ಆ ಹುಡುಗಿ ಒಂದೇ ವಾಕ್ಯದಲ್ಲಿ ತೋರಿಸಿಬಿಟ್ಟಿದ್ದಳು.

ವಾಸ್ತವವಾಗಿ ಪರಂಪರೆಯೂ ಇದೇ ಕೆಲಸವನ್ನು ಮಾಡಿದೆ. ಹೆಸಿಯಡ್‌ನಲ್ಲಿ ಮೆಡೂಸಾ ಹುಟ್ಟಿನಿಂದಲೇ ಗಾರ್ಗನ್. ಅಲ್ಲಿ ಶಾಪವೂ ಇಲ್ಲ, ತಪ್ಪೂ ಇಲ್ಲ. ಓವಿಡ್‌ನಲ್ಲಿ ಶಾಪವಿದೆ, ಅವಳ ತಪ್ಪಿಲ್ಲ. ಅಪೊಲೊಡೋರಸ್‌ನ ಸಂಗ್ರಹದಲ್ಲಿ ಮಾತ್ರ, ಕೆಲವರು ಹೇಳುವಂತೆ ಎಂಬ ಪೀಠಿಕೆಯೊಂದಿಗೆ, ಚೆಲುವಿನಲ್ಲಿ ಅಥೀನಾಳಿಗೆ ಸಾಟಿಯಾಗಲು ಅವಳು ಬಯಸಿದಳೆಂಬ ಕಾರಣ ಕಾಣಿಸಿಕೊಳ್ಳುತ್ತದೆ. ಇಂದಿನ ಜನಪ್ರಿಯ ಮರುಕಥನಗಳು ಬಹಳಷ್ಟು ಸಲ ಓವಿಡ್‌ನ ಗುಡಿಯ ಪ್ರಸಂಗವನ್ನೂ ಈ ಜಂಭದ ಪ್ರಸಂಗವನ್ನೂ ಒಂದಾಗಿ ಹೆಣೆದು ಶಿಕ್ಷೆಗೆ ಒಂದು ನ್ಯಾಯ ಒದಗಿಸುತ್ತವೆ. ಕಾರಣವಿಲ್ಲದ ಕ್ರೌರ್ಯವನ್ನು ಸಹಿಸುವುದು ಕೇಳುಗನಿಗೆ ಕಷ್ಟ. ಆದ್ದರಿಂದ ಅವನು ನೊಂದವಳ ಖಾತೆಯಲ್ಲಿ ಒಂದು ಸಾಲವನ್ನು ಬರೆದು ಲೆಕ್ಕ ಸರಿದೂಗಿಸಿಕೊಳ್ಳುತ್ತಾನೆ.

ಹಾಗಿದ್ದರೆ ಮೆಡೂಸಾಳನ್ನು ದುರಂತ ನಾಯಕಿ ಎನ್ನಬಹುದೆ? ಅರಿಸ್ಟಾಟಲನ ಅಳತೆಯಲ್ಲಿ ಆಗದು. ನಿರ್ದೋಷಿಯಾದ ಸಜ್ಜನ ಸುಮ್ಮನೆ ದುರ್ಗತಿಗೆ ಬೀಳುವುದು ಭಯ ಕರುಣೆಗಳನ್ನಲ್ಲ, ಜುಗುಪ್ಸೆಯನ್ನು ಹುಟ್ಟಿಸುತ್ತದೆ ಎಂಬುದು ‘ಕಾವ್ಯಮೀಮಾಂಸೆ’ಯ ನಿಲುವು. ಮೆಡೂಸಾಳ ಕಥೆ ಈ ಚೌಕಟ್ಟಿನ ಹೊರಗೇ ಉಳಿಯುತ್ತದೆ. ಅವಳು ನಾಯಕಿಯಾಗಿರುವ ಗ್ರೀಕ್ ರುದ್ರನಾಟಕವೊಂದೂ ನಮ್ಮ ಕೈಗೆ ಬಂದಿಲ್ಲ. ಕನ್ನಡಕ್ಕೆ ಗ್ರೀಕ್ ಸಾಹಿತ್ಯ ಬಂದದ್ದು ಹೆಚ್ಚಾಗಿ ರುದ್ರನಾಟಕದ ದಾರಿಯಿಂದ. ಸಾಫೊಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನು ಬಿ.ಎಂ.ಶ್ರೀ. ಅವರು ಮಹಾಭಾರತದ ಆವರಣಕ್ಕೆ ಒಗ್ಗಿಸಿ ‘ಅಶ್ವತ್ಥಾಮನ್’ ರಚಿಸಿದರು, ಪಿ. ಲಂಕೇಶ್ ಅವರು ಈಡಿಪಸ್ ಮತ್ತು ಅಂತಿಗೊನೆಯನ್ನು ಕನ್ನಡಕ್ಕೆ ತಂದರು. ಮಾತನಾಡಬಲ್ಲ ಪಾತ್ರಗಳು ಹೀಗೆ ನಮ್ಮವರಾದರು. ಮಾತಿಲ್ಲದ ಮೆಡೂಸಾಳಿಗೆ ಆ ದಾರಿ ಇರಲಿಲ್ಲ.

ಬಿ.ಎಂ.ಶ್ರೀ. ಅವರ ಮಾದರಿಯಲ್ಲಿ ಅವಳಿಗೂ ಒಂದು ದೇಶೀ ಜೋಡಿಯನ್ನು ಹುಡುಕುವ ಆಸೆ ಸಹಜವೇ. ವಿದ್ಯಾರ್ಥಿಗಳು ಕೂಡಲೇ ಅಹಲ್ಯೆಯ ಹೆಸರನ್ನೆತ್ತುತ್ತಾರೆ. ಅಲ್ಲಿಯೂ ದೇವತೆಯೊಬ್ಬನ ಕಾಮ, ಹೆಣ್ಣಿಗೆ ಶಾಪ, ಕಲ್ಲು. ಅಹಲ್ಯೆ ತಿಳಿದು ಒಪ್ಪಿದಳೋ ಮೋಸಹೋದಳೋ ಎಂಬ ವಿಚಾರಣೆ ಕವಿಯಿಂದ ಕವಿಗೆ ಮುಂದುವರಿದಿರುವುದೂ ನಿಜ. ಆದರೆ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಅಹಲ್ಯೆ ತಾನೇ ಕಲ್ಲಾದಳು. ಅವಳಿಗೆ ಶಾಪವಿಮೋಚನೆಯ ಒಂದು ದಿನ ಗೊತ್ತುಮಾಡಲಾಗಿತ್ತು. ಒಂದು ಪಾದ ಅವಳತ್ತ ನಡೆದುಬರುವುದಿತ್ತು. ಮೆಡೂಸಾ ಇತರರನ್ನು ಕಲ್ಲಾಗಿಸಿದಳು. ಅವಳತ್ತ ನಡೆದುಬಂದದ್ದು ಕತ್ತಿ. ವಿಮೋಚನೆಯ ಕಲ್ಪನೆಯೇ ಇಲ್ಲದ ಆ ಶಾಪವನ್ನು ಅದರ ನೆಲದಲ್ಲೇ ಬಿಟ್ಟು ನೋಡುವುದು ಒಳ್ಳೆಯದು. ಎಲ್ಲವನ್ನೂ ನಮ್ಮದಕ್ಕೆ ಸಮೀಕರಿಸಿದರೆ ಅದರ ಕಾಠಿಣ್ಯ ನಮ್ಮ ಕೈಗೆ ತಾಕುವುದಿಲ್ಲ.

ಸಾವಿನ ನಂತರವೂ ಅವಳಿಗೆ ಬಿಡುಗಡೆಯಿಲ್ಲ. ಕಡಿದ ತಲೆ ಆಯುಧವಾಗುತ್ತದೆ. ಓವಿಡ್‌ನ ಐದನೆಯ ಕಾಂಡದಲ್ಲಿ ಮದುವೆಯ ಮನೆಯ ಕಾದಾಟ ಕೈಮೀರಿದಾಗ ಪರ್ಸಿಯಸ್ ಆ ತಲೆಯನ್ನು ಹೊರತೆಗೆದು ಉಳಿದಿದ್ದ 200 ಜನ ಎದುರಾಳಿಗಳನ್ನು ಕಲ್ಲಾಗಿಸುತ್ತಾನೆ. ಪಾಲಿಡೆಕ್ಟಿಸ್‌ನ ಗತಿಯೂ ಅದೇ. ಕೊನೆಗೆ ಅದು ಅಥೀನಾಳ ಎದೆಯ ಕವಚವನ್ನು ಸೇರುತ್ತದೆ. ಅವಳ ನೆತ್ತರೂ ವ್ಯರ್ಥವಾಗುವುದಿಲ್ಲ: ಬಲಭಾಗದ ನಾಳಗಳ ರಕ್ತ ಸತ್ತವರನ್ನು ಬದುಕಿಸುವುದಕ್ಕೂ ಎಡಭಾಗದ್ದು ಕೊಲ್ಲುವುದಕ್ಕೂ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕೈಸೇರಿತೆಂದು ಅಪೊಲೊಡೋರಸ್ ಹೇಳುತ್ತಾನೆ. ಇಸ್ತಾಂಬುಲ್‌ನ ಆರನೆಯ ಶತಮಾನದ ನೆಲದಡಿಯ ಜಲಾಗಾರದಲ್ಲಿ ಮೆಡೂಸಾಳ ಎರಡು ಶಿಲಾಮುಖಗಳು, ಒಂದು ಅಡ್ಡವಾಗಿ, ಇನ್ನೊಂದು ತಲೆಕೆಳಗಾಗಿ, ಕಂಬಗಳ ಭಾರ ಹೊತ್ತು ನಿಂತಿವೆ. ಫ್ಲಾರೆನ್ಸಿನ ಚೌಕದಲ್ಲಿ ಚೆಲ್ಲಿನಿ 1545ರಿಂದ 1554ರವರೆಗೆ ದುಡಿದು ರೂಪಿಸಿದ ಕಂಚಿನ ಪರ್ಸಿಯಸ್ ತಲೆಯನ್ನು ಎತ್ತಿ ಹಿಡಿದು ಅವಳ ಮುಂಡವನ್ನು ಮೆಟ್ಟಿ ನಿಂತಿದ್ದಾನೆ.

ಆಧುನಿಕರೂ ಈ ತಲೆಯನ್ನೇ ಎತ್ತಿಕೊಂಡರು. ಫ್ರಾಯ್ಡ್ 1922ರಲ್ಲಿ ಬರೆದ, 1940ರಲ್ಲಿ ಪ್ರಕಟವಾದ ಪುಟ್ಟ ಟಿಪ್ಪಣಿಯ ಶೀರ್ಷಿಕೆಯೇ ‘ಮೆಡೂಸಾಳ ತಲೆ’. ಅಲ್ಲಿ ಅದು ಗಂಡುಮಗುವಿನ ಅಂಜಿಕೆಯ ಸಂಕೇತ. 1975ರಲ್ಲಿ ಎಲೆನ್ ಸಿಕ್ಸು ಇದಕ್ಕೆ ಎದುರುತ್ತರವೆಂಬಂತೆ, ಅವಳನ್ನು ನೇರವಾಗಿ ನೋಡಿದರೆ ಕಾಣುವುದು ಸಾವಲ್ಲ, ಚೆಲುವೆಯೊಬ್ಬಳ ನಗು ಎಂದು ವಾದಿಸಿದರು. ಸ್ತ್ರೀವಾದಿ ಚಿಂತನೆಯಲ್ಲಿ ಮೆಡೂಸಾ ಪ್ರತಿರೋಧದ ರೂಪಕವಾದಳು. ಲೂಚಿಯಾನೊ ಗರ್ಬಾತಿ 2008ರಲ್ಲಿ ರೂಪಿಸಿದ ಶಿಲ್ಪದಲ್ಲಿ ಕಥೆ ತಿರುವುಮುರುವಾಗಿ, ಕತ್ತಿ ಹಿಡಿದ ಮೆಡೂಸಾಳ ಕೈಯಲ್ಲಿ ಪರ್ಸಿಯಸ್‌ನ ತಲೆಯಿದೆ. 2020ರಲ್ಲಿ ಅದನ್ನು ನ್ಯೂಯಾರ್ಕಿನ ಅಪರಾಧ ನ್ಯಾಯಾಲಯದ ಎದುರಿನ ಉದ್ಯಾನದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿದಾಗ, ಅವಳ ಕೈಯಲ್ಲಿರಬೇಕಾದದ್ದು ಪೊಸೈಡನ್ನನ ತಲೆಯಲ್ಲವೆ ಎಂಬ ಪ್ರಶ್ನೆ ಎದ್ದಿತು. ಈ ಪ್ರಶ್ನೆ ಸಾಧುವಾದದ್ದು. ಅಪರಾಧಿ ಯಾರೆಂಬುದನ್ನು ಅದು ಎರಡು ಸಾವಿರ ವರ್ಷಗಳ ನಂತರವಾದರೂ ನೆನಪಿಸಿತು. ಪ್ರತಿರೋಧದ ಈ ಓದುಗಳ ಅಗತ್ಯದ ಬಗ್ಗೆ ನನಗೆ ಸಂಶಯವಿಲ್ಲ. ಆದರೂ ಒಂದು ಅಳುಕು ಉಳಿಯುತ್ತದೆ. ಅಥೀನಾ, ಪರ್ಸಿಯಸ್, ಫ್ರಾಯ್ಡ್, ಇಂದಿನ ನಾವು ನಮ್ಮ ನಮ್ಮ ಕಾಳಗಗಳಿಗೆ ಅದೇ ತಲೆಯನ್ನು ಎತ್ತಿ ಹಿಡಿಯುತ್ತಿದ್ದೇವೆ. ಆಯುಧವಾಗಿಯಲ್ಲದೆ, ಸತ್ತವಳೊಬ್ಬಳಾಗಿ ಅವಳಿಗಾಗಿ ಯಾರಾದರೂ ಅತ್ತದ್ದುಂಟೆ?

ಉಂಟು. ಆ ಅಳು ಕೇಳಿಸುವುದು ಪಿಂಡಾರ್‌ನ ಕವಿತೆಯೊಂದರಲ್ಲಿ. ಕ್ರಿ.ಪೂ. 490ರಲ್ಲಿ ಡೆಲ್ಫಿಯ ಸ್ಪರ್ಧೆಯಲ್ಲಿ ಗೆದ್ದ ಆಕ್ರಗಾಸ್‌ನ ಮಿಡಾಸ್ ಎಂಬ ವಾದಕನಿಗಾಗಿ ಅವನು ಬರೆದ ಹನ್ನೆರಡನೆಯ ಪಿಥಿಯನ್ ಗೀತೆ ಅದು. ಮಿಡಾಸ್ ನುಡಿಸುತ್ತಿದ್ದ ‘ಆಲೋಸ್’ ವಾದ್ಯವನ್ನು ಕೊಳಲು ಎಂದು ಅನುವಾದಿಸುವ ರೂಢಿಯಿದೆ. ಅದು ಕೊಳಲಲ್ಲ, ನಮ್ಮ ಓಲಗದ ವಾದ್ಯಕ್ಕಿರುವಂತೆ ಊದುವ ತುದಿಯಲ್ಲಿ ಪೀಪಿಯಿರುವ ಜೋಡಿ ಕೊಳವೆಗಳ ವಾದ್ಯ. ಪರ್ಸಿಯಸ್ ತಲೆ ಕಡಿದು ಹೊರಟಾಗ ಮೆಡೂಸಾಳ ಸೋದರಿಯರು ಗೋಳಿಟ್ಟರು. ಅವರ ತಲೆಯ ಹಾವುಗಳೂ ಗೋಳಿಟ್ಟವು. ಯೂರಿಯಾಲೆಯ ಬಾಯಿಂದ ಹೊರಟ ಆ ಆಕ್ರಂದನವನ್ನು ಅನುಕರಿಸಿ ಅಥೀನಾ ಒಂದು ಧಾಟಿಯನ್ನು ಕಟ್ಟಿ, ಅದಕ್ಕೆ ‘ಹಲವು ತಲೆಗಳ ರಾಗ’ ಎಂದು ಹೆಸರಿಟ್ಟು ಮನುಷ್ಯರಿಗೆ ಕೊಟ್ಟಳೆಂದು ಪಿಂಡಾರ್ ಹೇಳುತ್ತಾನೆ. ಇದೇ ಕವಿತೆಯಲ್ಲಿ ಅವನು ಮೆಡೂಸಾಳನ್ನು ಚೆಲುವಾದ ಕೆನ್ನೆಗಳವಳೆಂದೂ ಕರೆಯುತ್ತಾನೆ.

ಕೊಲೆಗೆ ಒತ್ತಾಸೆಯಾಗಿ ನಿಂತವಳೇ ಸತ್ತವಳ ಮನೆಯವರ ಅಳುವನ್ನು ಸಂಗೀತ ಮಾಡಿದಳೆಂಬುದನ್ನು ಓದಿದಾಗಲೆಲ್ಲ ನನಗೆ ತಮಸಾ ತೀರದ ಪ್ರಸಂಗ ನೆನಪಾಗುತ್ತದೆ. ಬೇಡನ ಬಾಣಕ್ಕೆ ಗಂಡು ಕ್ರೌಂಚ ಸತ್ತಾಗ ಹೆಣ್ಣು ಹಕ್ಕಿಯ ಅಳುವನ್ನು ಕೇಳಿದ ವಾಲ್ಮೀಕಿಯ ಶೋಕವೇ ಛಂದಸ್ಸಾಯಿತೆಂದು ನಮ್ಮ ಪರಂಪರೆ ನಂಬುತ್ತದೆ. ಎರಡೂ ಕಡೆ ಕಲೆಯ ಹುಟ್ಟಿಗೆ ಕಾರಣ ಒಂದು ಕೊಲೆ ಮತ್ತು ಉಳಿದವಳ ಆಕ್ರಂದನ. ಭೇದವಿರುವುದು ಕೇಳಿಸಿಕೊಂಡವರು ನಿಂತ ನೆಲೆಯಲ್ಲಿ. ವಾಲ್ಮೀಕಿ ಅತ್ತವಳ ಪಕ್ಕದಲ್ಲಿ ನಿಂತು ಕೊಂದವನನ್ನು ಶಪಿಸಿದ. ಅಥೀನಾ ಕೊಂದವನ ಪಕ್ಕದಲ್ಲಿ ನಿಂತು ಅಳುವಿನ ನಾದಸೌಂದರ್ಯವನ್ನು ಮೆಚ್ಚಿದಳು. ಸಾಹಿತ್ಯದ ಅಧ್ಯಾಪನವನ್ನೇ ವೃತ್ತಿಯಾಗಿಸಿಕೊಂಡ ನನ್ನಂಥವರಿಗೆ ಈ ಭೇದ ಸಣ್ಣದಲ್ಲ. ಕರುಣರಸದ ನಿಷ್ಪತ್ತಿಯನ್ನು ಕುರಿತು ಗಂಟೆಗಟ್ಟಲೆ ಮಾತನಾಡುವಾಗ ನಾವು ಯಾರ ಪಕ್ಕದಲ್ಲಿ ನಿಂತು ಆ ಅಳುವನ್ನು ಕೇಳುತ್ತಿದ್ದೇವೆ ಎಂಬುದನ್ನು ಪ್ರತಿ ಸಲವೂ ಕೇಳಿಕೊಳ್ಳಬೇಕಾಗುತ್ತದೆ. ಕೊನೆಯ ಸಾಲಿನ ಆ ಹುಡುಗಿ ಕೇಳಿದ್ದೂ ಇದನ್ನೇ ಎಂದು ನನ್ನ ತಿಳಿವಳಿಕೆ. ಆದರೂ ಒಂದು ಮಾತು ಹೇಳಬೇಕು: ಅಥೀನಾಳ ಉದ್ದೇಶ ಏನೇ ಇರಲಿ, ಆ ಧಾಟಿ ಉಳಿದದ್ದರಿಂದ ಯೂರಿಯಾಲೆ ತನ್ನ ಸೋದರಿಗಾಗಿ ಅತ್ತಳೆಂಬ ಸುದ್ದಿಯೂ ಉಳಿಯಿತು. ರಾಕ್ಷಸಿಯೆಂದು ಲೋಕ ಕರೆದವಳು ಇಬ್ಬರಿಗಾದರೂ ತಮ್ಮವಳಾಗಿದ್ದಳೆಂದು ನಮಗೆ ಗೊತ್ತಾಗುವುದು ಆ ಸುದ್ದಿಯಿಂದಲೇ.

ಕಾರ್ಫು ದ್ವೀಪದ ವಸ್ತುಸಂಗ್ರಹಾಲಯದಲ್ಲಿ ಕ್ರಿ.ಪೂ. ಸುಮಾರು 580ರ ಆರ್ಟೆಮಿಸ್ ದೇವಾಲಯದ ಮುಂಬದಿಯ ಶಿಲ್ಪವಿದೆ. ತ್ರಿಕೋನಾಕಾರದ ಆ ಮಾಡಿನ ನಡುವೆ ಮೊಣಕಾಲು ಮಡಿಸಿ ಓಡುವ ಭಂಗಿಯಲ್ಲಿ, ನಡುವಿಗೆ ಹಾವುಗಳನ್ನೇ ಪಟ್ಟಿಯಾಗಿ ಕಟ್ಟಿಕೊಂಡು ಮೆಡೂಸಾ ನಿಂತಿದ್ದಾಳೆ. ಅವಳ ಎರಡು ಮಗ್ಗುಲಲ್ಲಿ ಅವಳ ಮಕ್ಕಳಾದ ಪೆಗಾಸಸ್ ಮತ್ತು ಕ್ರಿಸಾವೋರ್ ಇದ್ದಾರೆ. ಕಥೆಯ ಪ್ರಕಾರ ಇದು ಸಾಧ್ಯವಿಲ್ಲ. ತಲೆ ಹೋದ ಮೇಲೆ ಹುಟ್ಟಿದ ಮಕ್ಕಳನ್ನು ಆ ತಾಯಿ ಕಂಡವಳೇ ಅಲ್ಲ. ದೇವಾಲಯವನ್ನು ಕಾಯುವ ಶಕ್ತಿಯಾಗಿ ಅವಳನ್ನು ಕೆತ್ತಿದ ಆ ಹೆಸರಿಲ್ಲದ ಶಿಲ್ಪಿ, ಕಾರಣ ಏನೇ ಇರಲಿ, ತಲೆ ಮತ್ತು ದೇಹ, ತಾಯಿ ಮತ್ತು ಮಕ್ಕಳು ಒಟ್ಟಿಗಿರುವ ಒಂದು ಗಳಿಗೆಯನ್ನು ಕಲ್ಲಿನಲ್ಲಿ ನಿಲ್ಲಿಸಿದ್ದಾನೆ. ಪರ್ಸಿಯಸ್ ಆ ಶಿಲ್ಪದಲ್ಲಿ ಎಲ್ಲಿಯೂ ಇಲ್ಲ.